ಹಾಲಿನ ಪ್ಯಾಕೆಟ್ ಗೇಟಲ್ಲೇ ಇದ್ದರೆ ಕದ ತಟ್ಟುವವರು ಯಾರು?

ಬೆಳಗಿನ ರೈಲು ಹೊರಟಿತೆಂದರೆ ತುಮಕೂರಿನ ಎಷ್ಟೋ ಬೀದಿಗಳು ಅರ್ಧ ಖಾಲಿ. ಬೆಂಗಳೂರಿಗೆ ದುಡಿಯಲು ಹೋದವರು ಮರಳುವುದು ಕತ್ತಲಾದ ಮೇಲೆ. ಮಕ್ಕಳು ಅಲ್ಲೇ ಮನೆ ಮಾಡಿದ್ದರಂತೂ ಇಲ್ಲಿರುವ ಅಪ್ಪ ಅಮ್ಮ ಹಗಲೂ ರಾತ್ರಿಯೂ ಒಂಟಿ.

ನಮ್ಮ ಬೀದಿಯ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದ ದಿನ, ಗೇಟಿಗೆ ಕಟ್ಟಿದ ಚೀಲದಲ್ಲಿ ಹಾಲಿನ ಪ್ಯಾಕೆಟ್ ಹತ್ತು ಗಂಟೆಯಾದರೂ ಹಾಗೇ ಇತ್ತು. ಬಾಗಿಲಿಗೆ ನೀರು ಹಾಕಿರಲಿಲ್ಲ, ರಂಗೋಲಿಯೂ ಇರಲಿಲ್ಲ. ಓಡಾಡಿದ ನಾವೆಲ್ಲ ನೋಡಿದ್ದೆವು. ಪಕ್ಕದ ಮನೆಯವರು ವಿಚಾರಿಸಿರುತ್ತಾರೆ ಅಂದುಕೊಂಡೆವು. ಕೊನೆಗೆ ಕದ ತಟ್ಟಿದ್ದು ಹೂವಿನಾಕೆ. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಹೇಳುತ್ತದೆ. ಯಾರಿಗೋ ಫಿಟ್ಸ್ ಬಂದ ದನಿಯನ್ನು ಇಂಟರ್‌ಕಾಮ್‌ನಲ್ಲಿ ಕೇಳಿಸಿದರು. ಕೇಳುತ್ತಿರುವುದು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇ 85 ಮಂದಿ ದನಿ ನಿಲ್ಲುವ ಮೊದಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಎದ್ದವರು ಶೇ 31 ಮಾತ್ರ. ಹೊಣೆ ಎಲ್ಲರದ್ದಾದರೆ ಏಳುವವರು ಕಡಿಮೆ. ಬೀದಿಯ ವಾಟ್ಸ್‌ಆ್ಯಪ್ ಗುಂಪೊಂದನ್ನೇ ನಂಬಬೇಡಿ ಎನ್ನುವುದು ಅದಕ್ಕೇ.

ಒಂಟಿ ಹಿರಿಯರ ಮೇಲೆ ಕಣ್ಣಿಡಲು ಬೀದಿಯವರೇ ಹೀಗೆ ಮಾಡಬಹುದು. ಮೊದಲು, ಇಡೀ ಬಡಾವಣೆ ಬೇಡ, ಒಂದೇ ಬೀದಿ ಹಿಡಿಯಿರಿ. ಭಾನುವಾರ ಸಂಜೆ ಇಬ್ಬರು ಹೋಗಿ ಮಾತಾಡಿಸಿ. ಒಂಟಿಯಾಗಿರುವವರು ಯಾರು, ಯಾವ ಹೊತ್ತಲ್ಲಿ, ಮಕ್ಕಳ ನಂಬರ್ ಏನು ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಈ ಪಟ್ಟಿ ಫೋನಿನಲ್ಲಿ ಹರಿದಾಡಬಾರದು, ಕಳ್ಳರ ಕೈಗೆ ಸಿಕ್ಕರೆ ಕಷ್ಟ.

ಆಮೇಲೆ ಒಂದು ಬಾಗಿಲಿಗೆ ಒಂದು ಹೆಸರು ಗೊತ್ತುಮಾಡಿ: ಆ ಮನೆಯ ಮೇಲೆ ಕಣ್ಣಿಟ್ಟು, ಬೀಗದ ಕೈ ಇಟ್ಟುಕೊಳ್ಳುವವರು. ಆ ಹೆಸರನ್ನು ಹಿರಿಯರೇ ಹೇಳಲಿ. ಒಲ್ಲದವರ ಕೈಗೆ ಬೀಗದ ಕೈ ಕೊಡಿಸಿದರೆ ಕೆಲಸ ಕೆಡುತ್ತದೆ. ಆ ವ್ಯಕ್ತಿ ಊರಿಗೆ ಹೋದಾಗ ನೋಡಿಕೊಳ್ಳುವವರೂ ಮೊದಲೇ ಗೊತ್ತಿರಲಿ.

ಗುರುತನ್ನೂ ಅವರೊಂದಿಗೇ ಕೂತು ನಿರ್ಧರಿಸಿ: ಎಂಟಾದರೂ ಹಾಲು ಒಳಗೆ ಹೋಗಿಲ್ಲ, ಕಿಟಕಿ ತೆರೆದಿಲ್ಲ, ಹೀಗೆ. ಗುರುತು ಕಂಡರೆ ಫೋನ್, ಬೆಲ್, ಆಮೇಲೆ ಬೀಗದ ಕೈ. ಬಿದ್ದಿದ್ದರೆ ಎಳೆದು ಎತ್ತಬೇಡಿ, 108ಕ್ಕೆ ಕರೆ ಮಾಡಿ. ಪೊಲೀಸರು ಬೇಕಾದರೆ 112. ಹಿರಿಯರ ಸಹಾಯವಾಣಿ 14567. ಮಾತು ಕಡಿಮೆ ಮಾಡಿ ಮಂಕಾಗಿ ಕೂತಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು, ಹಿರಿಯರಿಗೂ ಒಂದು ಹೊಣೆ ಕೊಡುವುದು. ಬರೀ ನೋಡಿಸಿಕೊಳ್ಳುವುದು ಯಾರಿಗೆ ಇಷ್ಟ? ‘ನನ್ನನ್ನೇನು ಕಾವಲು ಕಾಯ್ತೀರಾ?’ ಎಂದು ನಮ್ಮ ಬೀದಿಯ ಆ ಅಜ್ಜಿಯೂ ಸಿಟ್ಟಾಗಿದ್ದರು. ಎದುರು ಮನೆಯ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಈಗ ಅವರ ಮನೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿದೆ. ಶಾಲೆ ಬಿಟ್ಟು ಮಕ್ಕಳು ನಾಲ್ಕೂವರೆಗೆ ಬರದಿದ್ದರೆ ಮೊದಲ ಫೋನ್ ಅಜ್ಜಿಯದೇ.