ರುಬೆಲ್ಲಾ ರಕ್ತಪರೀಕ್ಷೆ: ವರದಿಯಲ್ಲಿರುವ ಅಂಕಿಯನ್ನು ಓದುವುದು ಹೇಗೆ?

ಲ್ಯಾಬಿನ ವರದಿಗಳಿಗೆ ಸಹಿ ಹಾಕುವ ಕೆಲಸದಲ್ಲಿರುವುದರಿಂದ, ರುಬೆಲ್ಲಾ (ದಡಾರದಂತೆ ಜ್ವರ, ಗಂಧೆ ತರುವ ವೈರಾಣು ಸೋಂಕು) ವರದಿ ಹಿಡಿದು ಗಾಬರಿಯಿಂದ ಬರುವ ದಂಪತಿಗಳನ್ನು ನಾನು ಆಗಾಗ ನೋಡುತ್ತೇನೆ. ಇತ್ತೀಚೆಗೆ ಬಂದವರ ಕೈಯಲ್ಲಿ ಎರಡು ವರದಿಗಳಿದ್ದವು. ಒಂದರಲ್ಲಿ ಐಜಿಜಿ (ಹಿಂದಿನ ಸೋಂಕು ಅಥವಾ ಲಸಿಕೆಯ ಬಳಿಕ ರಕ್ತದಲ್ಲಿ ಉಳಿಯುವ ರಕ್ಷಕ ಪ್ರತಿಕಾಯ) 8.4, ಪಕ್ಕದಲ್ಲಿ ‘ಅನಿಶ್ಚಿತ’ ಎಂಬ ಷರಾ. ಮೂರು ದಿನಗಳ ಬಳಿಕ ಬೇರೊಂದು ಲ್ಯಾಬಿನಲ್ಲಿ ಮಾಡಿಸಿದ್ದರಲ್ಲಿ 17, ‘ಪಾಸಿಟಿವ್’. ಆ ಪಾಸಿಟಿವ್ ಎಂಬ ಪದವನ್ನು ಕಂಡು ಸೋಂಕು ತಗುಲಿದೆಯೆಂದೇ ಅವರು ಭಾವಿಸಿದ್ದರು. ಐಜಿಜಿ ಪಾಸಿಟಿವ್ ಎಂದರೆ ದೇಹದಲ್ಲಿ ರಕ್ಷಣೆ ಇದೆ ಎಂದರ್ಥ. ಇಲ್ಲಿ ಅದು ಒಳ್ಳೆಯ ಸುದ್ದಿ.

ಮೊದಲನೆಯದಾಗಿ, ಈ ಪರೀಕ್ಷೆಯನ್ನು ಬಸುರಿಯಾಗುವ ಮೊದಲೇ ಮಾಡಿಸಬೇಕು. ಗರ್ಭ ಧರಿಸಿದ ಮೊದಲ 12 ವಾರಗಳಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೆ ಮಗುವಿನ ಕಣ್ಣು, ಕಿವಿ ಮತ್ತು ಹೃದಯಕ್ಕೆ ಹಾನಿಯಾಗುವ ಸಾಧ್ಯತೆ ಶೇ 90ರವರೆಗೂ ಇರುತ್ತದೆ. ಲಸಿಕೆಯಲ್ಲಿ ಇರುವುದು ಶಕ್ತಿಗುಂದಿಸಿದ ಜೀವಂತ ವೈರಾಣುವಾದ್ದರಿಂದ ಅದನ್ನು ಗರ್ಭಿಣಿಗೆ ಕೊಡುವುದಿಲ್ಲ. ಲ್ಯಾಬಿಗೆ ಹೊರಡುವ ಮುನ್ನ ಮನೆಯಲ್ಲಿ ಹಳೆಯ ಲಸಿಕೆ ಕಾರ್ಡನ್ನು ಹುಡುಕಿ. ಕರ್ನಾಟಕದಲ್ಲಿ 2017ರ ಫೆಬ್ರುವರಿಯಲ್ಲಿ ಆರಂಭವಾದ ದಡಾರ-ರುಬೆಲ್ಲಾ ಅಭಿಯಾನದಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಲಸಿಕೆ ಹಾಕಲಾಯಿತು. ಆಗ 15 ದಾಟಿದ್ದವರು, ಖಾಸಗಿಯಾಗಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಹಾಕಿಸಿಕೊಂಡಿರದಿದ್ದರೆ, ಲಸಿಕೆಯಿಲ್ಲದೆ ಉಳಿದಿರುವ ಸಂಭವವೇ ಹೆಚ್ಚು.

ಎರಡನೆಯದಾಗಿ, ‘ರುಬೆಲ್ಲಾ ಐಜಿಜಿ’ ಎಂದಷ್ಟೇ ಚೀಟಿಯಲ್ಲಿ ಬರೆಸಿಕೊಳ್ಳಿ. ಹಲವು ಪರೀಕ್ಷೆಗಳನ್ನು ಒಟ್ಟಿಗೆ ಕಟ್ಟಿಕೊಡುವ ಟಾರ್ಚ್ ಪ್ರೊಫೈಲ್ ಬೇಡವೇ ಬೇಡ. ಅದರಲ್ಲಿರುವ ಐಜಿಎಂ ಹೊಸ ಸೋಂಕನ್ನು ಹುಡುಕುವ ಪರೀಕ್ಷೆ. ಜ್ವರವಾಗಲಿ ಗಂಧೆಯಾಗಲಿ ಇಲ್ಲದ, ರೋಗಿಯ ಸಂಪರ್ಕಕ್ಕೂ ಬಾರದ ಹೆಂಗಸಿಗೆ ಅದನ್ನು ಮಾಡಿದಾಗ ಬರುವ ಪಾಸಿಟಿವ್‌ಗಳಲ್ಲಿ ಹುಸಿಯೇ ಹೆಚ್ಚಾಗಿರುತ್ತದೆ. ಪಾರ್ವೊ ವೈರಾಣುವಿನ ಸೋಂಕು, ಸಂಧಿವಾತದವರ ರಕ್ತದಲ್ಲಿ ಕಾಣುವ ರುಮಟಾಯ್ಡ್ ಫ್ಯಾಕ್ಟರ್, ತಿಂಗಳುಗಳ ಹಿಂದೆ ಪಡೆದ ಲಸಿಕೆ, ಇವೆಲ್ಲವೂ ಐಜಿಎಂ ಪರೀಕ್ಷೆಯ ದಾರಿ ತಪ್ಪಿಸಬಲ್ಲವು. ಗೆರೆ ಮೂಡಿಸಿ ತೋರಿಸುವ ಅಗ್ಗದ ಕಾರ್ಡ್ ಕಿಟ್‌ಗಳನ್ನೂ ನಾನು ಒಪ್ಪುವುದಿಲ್ಲ. ಗೆರೆ ಮಸುಕಾಗಿದ್ದರೆ ಇದೆಯೆನ್ನಬೇಕೋ ಇಲ್ಲವೆನ್ನಬೇಕೋ ಎಂಬುದು ನೋಡಿದವರ ಕಣ್ಣಿಗೆ ಬಿಟ್ಟದ್ದಾಗುತ್ತದೆ.

ರಕ್ತ ಕೊಡುವುದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. ಆದರೆ ಈಚಿನ ತಿಂಗಳುಗಳಲ್ಲಿ ನಿಮಗೆ ರಕ್ತವನ್ನಾಗಲಿ ಇಮ್ಯುನೊಗ್ಲಾಬ್ಯುಲಿನ್ (ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯಗಳ ಔಷಧ) ಅನ್ನಾಗಲಿ ಕೊಟ್ಟಿದ್ದರೆ ತಿಳಿಸಿ, ಏಕೆಂದರೆ ಇನ್ನೊಬ್ಬರ ಪ್ರತಿಕಾಯಗಳು ನಿಮ್ಮದೆಂಬಂತೆ ವರದಿಯಲ್ಲಿ ಕಾಣಿಸಿಕೊಳ್ಳುತ್ತವೆ.

ಜನ ಎಡವುವುದು ವರದಿ ಕೈಗೆ ಬಂದ ಮೇಲೆ. ಬಹುತೇಕ ಕಡೆ ಮಿಲಿಲೀಟರಿಗೆ 10 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆಯೆಂದು ಬರೆಯುತ್ತಾರೆ. ಈ 10 ಎಂಬುದು ದೇಹದೊಳಗಿನ ಯಾವುದೋ ಗಡಿಯಲ್ಲ. ಅಮೆರಿಕದ ಪ್ರಯೋಗಾಲಯ ಮಾನದಂಡ ಸಮಿತಿಯು ಮೊದಲು 15 ಎಂದಿಟ್ಟಿದ್ದನ್ನು 1992ರಲ್ಲಿ 10ಕ್ಕೆ ಇಳಿಸಿತು. ಹಿಂದಿನ ದಿನದವರೆಗೆ 12 ಬಂದು ‘ರಕ್ಷಣೆ ಇಲ್ಲ’ ಎನಿಸಿಕೊಂಡಿದ್ದವರು ಮಾರನೆಯ ದಿನ ‘ಇದೆ’ ಎನಿಸಿಕೊಂಡರು, ಅವರ ರಕ್ತದಲ್ಲಿ ಏನೂ ಬದಲಾಗಿರಲಿಲ್ಲ. ಎಲ್ಲ ಕಿಟ್‌ಗಳನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಒಂದೇ ಮಾದರಿ ಸೀರಮ್‌ಗೆ (ರಕ್ತದ ತಿಳಿ ದ್ರವಕ್ಕೆ) ಹೋಲಿಸಿ ಅಳತೆ ಹೊಂದಿಸಿರುತ್ತಾರಾದರೂ, ಒಂದು ಕಿಟ್ ಇಡೀ ವೈರಾಣುವನ್ನು ಎರೆಯಾಗಿ ಬಳಸಿದರೆ ಇನ್ನೊಂದು ಅದರ ಹೊರಪದರದ ಪ್ರೋಟೀನನ್ನು ಮಾತ್ರ ಬಳಸಬಹುದು, ಒಂದಕ್ಕೆ ಅಂಟಿಕೊಂಡ ಪ್ರತಿಕಾಯ ಇನ್ನೊಂದಕ್ಕೆ ಅಷ್ಟೇ ಪ್ರಮಾಣದಲ್ಲಿ ಅಂಟಿಕೊಳ್ಳದೆ ಹೋಗಬಹುದು. ಹೀಗಾಗಿ ಒಂದೇ ಸಿರಿಂಜಿನ ರಕ್ತ ಎರಡು ಯಂತ್ರಗಳಲ್ಲಿ 8.4 ಮತ್ತು 17 ಎಂದು ಬಂದರೆ ಎರಡು ಲ್ಯಾಬುಗಳೂ ಪ್ರಾಮಾಣಿಕವಾಗಿಯೇ ಕೆಲಸ ಮಾಡಿರಬಹುದು. ‘ಹೆಚ್ಚು ಕಂಡ ಕಡೆ ಇನ್ನೊಮ್ಮೆ ಮಾಡಿಸೋಣ’ ಎಂದು ಲ್ಯಾಬಿನಿಂದ ಲ್ಯಾಬಿಗೆ ಅಲೆಯುವುದು ದುಡ್ಡು ದಂಡ.

ಆದ್ದರಿಂದ ಅಂಕಿಯ ಜೊತೆಗೆ ಆ ಲ್ಯಾಬಿನ ಮಿತಿಯನ್ನೂ ಪರೀಕ್ಷಾ ವಿಧಾನವನ್ನೂ ಓದಿ. ವರದಿಯ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ. ಮಿತಿಗಿಂತ ಬಹಳ ಮೇಲಿದ್ದರೆ ನೆಮ್ಮದಿಯಾಗಿರಿ. 5ರಿಂದ 15ರ ನಡುವೆ ಇದ್ದರೆ, ಷರಾ ಏನೇ ಇರಲಿ, ಅದನ್ನು ಖಚಿತ ಉತ್ತರವೆಂದು ನಾನು ಎಣಿಸುವುದಿಲ್ಲ. ಲಸಿಕೆ ಪಡೆದವರಲ್ಲಿ ಪ್ರತಿಕಾಯಗಳ ಮಟ್ಟ ಸಹಜ ಸೋಂಕಿನಿಂದ ಬಂದದ್ದಕ್ಕಿಂತ ಕಡಿಮೆಯಿರುವುದು ಸಾಮಾನ್ಯ, ಆದರೂ ಅವರಿಗೆ ರಕ್ಷಣೆ ಇರುತ್ತದೆ. ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್‌ನಲ್ಲಿ ಗರ್ಭಿಣಿಯರಿಗೆ ಈ ಪರೀಕ್ಷೆ ಮಾಡುವುದನ್ನೇ ನಿಲ್ಲಿಸಿದ್ದಕ್ಕೆ, ಅಲ್ಲಿ ರೋಗ ವಿರಳವಾದದ್ದರ ಜೊತೆಗೆ, ಪರೀಕ್ಷೆಯ ಫಲಿತಾಂಶ ತಪ್ಪಾಗಿ ಬಂದು ತಾಯಂದಿರನ್ನು ವೃಥಾ ಆತಂಕಕ್ಕೆ ತಳ್ಳಬಹುದೆಂಬುದೂ ಕಾರಣವಾಗಿತ್ತು.

ಅಂಕಿ ಅನುಮಾನಾಸ್ಪದವಾಗಿದ್ದು ಇನ್ನೂ ಬಸುರಿಯಾಗಿಲ್ಲದಿದ್ದರೆ ವೈದ್ಯರನ್ನು ಕೇಳಿ ಒಂದು ಡೋಸ್ ಲಸಿಕೆ ಹಾಕಿಸಿಕೊಂಡುಬಿಡಿ. ಮೊದಲೇ ರಕ್ಷಣೆ ಇದ್ದವರಿಗೆ ಅದರಿಂದ ತೊಂದರೆಯಿಲ್ಲ. ಬಳಿಕ ಕನಿಷ್ಠ ನಾಲ್ಕು ವಾರ ಗರ್ಭ ನಿಲ್ಲದಂತೆ ನೋಡಿಕೊಳ್ಳಿ. ‘ಹತ್ತಿತೋ ಇಲ್ಲವೋ’ ಎಂದು ಮತ್ತೆ ರಕ್ತ ಪರೀಕ್ಷಿಸುವುದು ಬೇಡವೆಂದು ಅಮೆರಿಕದ ಮಾರ್ಗಸೂಚಿಯೂ ಹೇಳುತ್ತದೆ. ಲಸಿಕೆಯ ಲಿಖಿತ ದಾಖಲೆಗೆ ಅಲ್ಲಿ ರಕ್ತಪರೀಕ್ಷೆಗಿಂತ ಹೆಚ್ಚಿನ ಬೆಲೆ.

ಈಗಾಗಲೇ ಬಸುರಿಯಾಗಿದ್ದರೆ ಹೆರಿಗೆಯಾದ ಮೇಲೆ, ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನವೇ ಲಸಿಕೆ ಪಡೆಯಿರಿ. ಹಾಲೂಡಿಸಲು ಅದು ಅಡ್ಡಿಯಲ್ಲ. ಅಷ್ಟರೊಳಗೆ ಗಂಧೆಯೆದ್ದ ಮಗುವನ್ನು ಎತ್ತಿಕೊಂಡದ್ದಾದರೆ ಆ ವಾರವೇ ರಕ್ತ ಕೊಟ್ಟು, ಸೀರಮನ್ನು ಶೀತಲೀಕರಿಸಿ ಇಡುವಂತೆ ಲ್ಯಾಬಿಗೆ ಬರೆದು ಕೊಡಿ. ಎರಡು ಮೂರು ವಾರಗಳ ಬಳಿಕ ತೆಗೆದ ಎರಡನೆಯ ಮಾದರಿಯನ್ನು ಅದೇ ಯಂತ್ರದಲ್ಲಿ, ಅದೇ ಸರದಿಯಲ್ಲಿ ಮೊದಲನೆಯದರ ಪಕ್ಕದಲ್ಲೇ ಇಟ್ಟು ನೋಡಿದರೆ ಮಾತ್ರ ಏರಿಕೆ ನಿಜವೋ ಅಲ್ಲವೋ ಗೊತ್ತಾಗುತ್ತದೆ.