ಹಳೇ ಗಾಡಿ ಡೀಸೆಲ್ ಭಾಳ ಕುಡಿಯಾಕತ್ತಿದ್ರ ಮೊದಲ ಇದನ್ನ ನೋಡ್ರಿ

ನನ್ನ 2009ರ ಡೀಸೆಲ್ ಎಸ್‌ಯುವಿ ಲೀಟರಿಗೆ 12 ಕೊಡೂದು 8ಕ್ಕ ಇಳದಿತ್ತು. ಗ್ಯಾರೇಜಿನ್ಯಾಗ 'ಇಂಜೆಕ್ಟರ್ (ಇಂಜಿನ್ನಿನೊಳಗ ಡೀಸೆಲ್ ಚಿಮ್ಮಿಸೂ ಭಾಗ) ಬದಲಿಸ್ರಿ' ಅಂದ್ರು. ಅಷ್ಟು ಅವಸರ ಬ್ಯಾಡ.

ಮೊದಲ ಅಳತಿ ಸರಿ ಮಾಡ್ಕೋರಿ. ಹುಬ್ಬಳ್ಳ್ಯಾಗ ಟ್ಯಾಂಕ್ ಫುಲ್ ಮಾಡಿಸಿ, ಅಣ್ಣಿಗೇರಿ ಮ್ಯಾಲೆ ಗದಗಕ್ಕ ಎರಡು ಸಲ ಹೋಗಿ ಬಂದು, ಅದೇ ಪಂಪಿನ್ಯಾಗ ಮತ್ತ ಫುಲ್ ಮಾಡಿಸ್ರಿ. ಓಡಿದ ಕಿಲೋಮೀಟರನ್ನ ಈಗ ಹಿಡಿದ ಲೀಟರಿನಿಂದ ಭಾಗಿಸ್ರಿ. ಡೀಸೆಲ್ ಮುಳ್ಳು ನೋಡಿ ಲೆಕ್ಕ ಹಾಕಬ್ಯಾಡ್ರಿ.

ಎಲ್ಲಾರೂ ಮರೆಯೂದು ಬ್ರೇಕ್. ಹತ್ತು ಕಿಲೋಮೀಟರ್ ಓಡಿಸಿ, ಕಡೀಕ ಬ್ರೇಕ್ ಒತ್ತದ ಗಾಡಿ ತಾನ ನಿಲ್ಲೂ ಹಂಗ ಬಿಡ್ರಿ. ಇಳದು ನಾಕೂ ಗಾಲಿ ಹತ್ರ ಕೈ ಹಿಡೀರಿ, ಮುಟ್ಟಬ್ಯಾಡ್ರಿ, ಸುಡತೈತಿ. ಒಂದ ಗಾಲಿ ಉಳದವಕ್ಕಿಂತ ಭಾಳ ಬಿಸಿ ಇದ್ರ ಅಲ್ಲಿ ಬ್ರೇಕ್ ಹಿಡಕೊಂಡೈತಿ. ನನಗ ಮುಂದಿನ ಎಡಗಾಲಿ ಹಂಗಿತ್ತು. ಬ್ರೇಕ್ ಪ್ಯಾಡ್ ಒತ್ತೂ ಕ್ಯಾಲಿಪರ್ ಸರದಾಡೂ ಪಿನ್ ತುಕ್ಕು ಹಿಡದಿದ್ವು. ಬಿಚ್ಚಿ, ತೊಳದು, ಬ್ರೇಕಿನ ಗ್ರೀಸ್ ಹಚ್ಚಿದ ಮ್ಯಾಲೆ ಗಾಡಿ ತಳ್ಳಿದ್ರ ಸಲೀಸ ಉರುಳಾಕತ್ತು.

ಆಮ್ಯಾಲೆ ಏರ್ ಫಿಲ್ಟರ್. ನಮ್ಮ ಎರಿ ಹೊಲದ ಧೂಳಿಗೆ ಅದು ಲಗೂನ ಕಟ್ಟತೈತಿ. ಉಸಿರು ಸಿಗದ ಇಂಜಿನ್ ಕರೀ ಹೊಗಿ ಬಿಡತೈತಿ. ಪೇಪರ್ ಫಿಲ್ಟರ್ ಜಾಡಿಸಿ ಜಾಡಿಸಿ ವರ್ಷಗಟ್ಟಲೆ ನಡಸಬ್ಯಾಡ್ರಿ, ಹೊಸಾದು ಹಾಕ್ರಿ.

ಟೈರ್ ಗಾಳಿ ಮುಂಜಾನೆ, ಗಾಲಿ ತಣ್ಣಗಿದ್ದಾಗ ನೋಡ್ರಿ. ಎಷ್ಟು ಇರಬೇಕಂತ ಡ್ರೈವರ್ ಬಾಗಲದ ಕಂಬದ ಮ್ಯಾಲಿನ ಚೀಟಿಯೊಳಗ ಇರತೈತಿ. ಗಾಡಿ ಮ್ಯಾಲಿನ ಸಾಮಾನಿನ ಕ್ಯಾರಿಯರ್ ಖಾಲಿ ಇದ್ರ ಇಳಿಸಿಡ್ರಿ.

ಇಷ್ಟಾದ ಮ್ಯಾಲೂ ಏರದಿದ್ರ ಆವಾಗ ಇಂಜೆಕ್ಟರ್ ಚೆಕ್ ಮಾಡಸ್ರಿ. ನನಗ ಆ ಪಾಳಿ ಬರಲಿಲ್ಲ, ಈಗ 11.5 ಬರಾಕತ್ತೈತಿ.