ಕೆರೆಯಂಚಿನ ಕಟ್ಟಡ ತಡೆಯಲು ಮೊದಲು ನಕಾಶೆ ಹಿಡಿಯಿರಿ

ದಾವಣಗೆರೆ ಜಿಲ್ಲೆಯ ಸೂಳೆಕೆರೆಯ ಅಂಚಿನಲ್ಲಿ ರೆಸಾರ್ಟ್ ಬರುತ್ತದೆಯಂತೆ, ಡೇರೆ ಹಾಕುತ್ತಾರಂತೆ ಎಂಬ ಮಾತು ಕಿವಿಗೆ ಬಿದ್ದೊಡನೆ ಮನವಿಪತ್ರ ಬರೆಯಲು ಕೂರಬೇಡಿ. ಚನ್ನಗಿರಿ ಸೀಮೆಯಲ್ಲಿ ಸರಪಳಿ ಎಳೆದೇ ತಲೆ ನರೆತ ಭೂಮಾಪಕ ನಾನು. ಗಡಿ ಗೊತ್ತಿಲ್ಲದ ದೂರು ಕಚೇರಿಯ ಮೇಜಿನ ಮೇಲೆ ಒಂದು ವಾರವೂ ಬಾಳುವುದಿಲ್ಲ.

ಬೇಸಿಗೆಯಲ್ಲಿ ನೀರು ಸರಿದು ಬಯಲಾದ ನೆಲವೂ ಕೆರೆಯೇ. ಗ್ರಾಮ ನಕಾಶೆಯ ಗೆರೆಯೇ ಗಡಿ, ನೀರಿನ ಅಂಚಲ್ಲ. ಅಲ್ಲಿನ ಜಾಲಿಮರಗಳ ಕಾಂಡ ನೋಡಿ: ಒಣಗಿದ ಕೆಸರಿನ ಬೂದು ಪಟ್ಟಿ ಸೊಂಟದೆತ್ತರಕ್ಕೆ ನಿಂತಿರುತ್ತದೆ, ತೊಗಟೆಯ ಬಿರುಕಿನಲ್ಲಿ ಬಸವನಹುಳುವಿನ ಚಿಪ್ಪು ಸಿಕ್ಕಿಕೊಂಡಿರುತ್ತದೆ. ನೀರು ಎಲ್ಲಿಯವರೆಗೆ ಬಂದಿತ್ತೆಂದು ತೋರಿಸಲು ಅದರ ಫೋಟೊವನ್ನು ದಿನಾಂಕ, ಸ್ಥಳ ಮೂಡುವಂತೆ ತೆಗೆದಿಡಿ.

ತಾಲ್ಲೂಕು ಭೂಮಾಪನ ಕಚೇರಿಯಿಂದ ಗ್ರಾಮ ನಕಾಶೆ, ಟಿಪ್ಪಣಿ (ಸರ್ವೆ ನಂಬರಿನ ಅಳತೆಯ ರೇಖಾಚಿತ್ರ), ಆಕಾರಬಂದ್ (ವಿಸ್ತೀರ್ಣ, ಕಂದಾಯಗಳ ದಾಖಲೆ) ಇವುಗಳ ದೃಢೀಕೃತ ನಕಲು ಪಡೆಯಿರಿ. ಪಹಣಿಯೊಂದನ್ನೇ ನಂಬಬೇಡಿ, ಅದರಲ್ಲಿ ವಿಸ್ತೀರ್ಣ ಸಿಗುತ್ತದೆ, ನೆಲದ ಆಕಾರ ಸಿಗುವುದಿಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಹದ್ದುಬಸ್ತು, ಅಂದರೆ ಅಳೆದು ಗಡಿ ಗುರುತಿಸುವ ಕೆಲಸ, ಮಾಡಿಸಿ. ಅಳತೆಯ ದಿನ ಊರಿನ ಹಿರಿಯರು ಸ್ಥಳದಲ್ಲಿರಲಿ. ಗಡಿ ತೋರುವ ಪ್ರತಿ ಬಾಂದುಕಲ್ಲನ್ನೂ ಕಣ್ಣಾರೆ ಕಂಡ ಮೇಲೆಯೇ ಮಹಜರಿಗೆ ಸಹಿ ಹಾಕಲಿ.

ಕಟ್ಟಡ ಗೆರೆಯ ಒಳಗಿದ್ದರೆ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯನ್ನೂ ಭೂಕಂದಾಯ ಕಾಯ್ದೆಯ 104ನೇ ಕಲಮನ್ನೂ ಹೆಸರಿಸಿ ತೆರವು ಕೇಳಿ. ಹೊರಗಿನ ಖಾಸಗಿ ಜಮೀನಾದರೆ ಭೂಪರಿವರ್ತನೆಯ ಆದೇಶ, ಪಂಚಾಯಿತಿ ಪರವಾನಗಿಗಳ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆಯಿರಿ. ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರದಿರಲಿ. 30 ದಿನಗಳಲ್ಲಿ ಉತ್ತರ ಬರಬೇಕು.

ಡೇರೆ ತಾನೆ ಎಂದು ಸುಮ್ಮನಿರಬೇಡಿ. ಬಟ್ಟೆಯ ಗುಡಾರವನ್ನು ಸಂಜೆ ಮಡಚಬಹುದು, ಅದರ ಹಿಂದೆ ತೋಡಿದ ಶೌಚಗುಂಡಿಯನ್ನಲ್ಲ. ಚಿತ್ರದುರ್ಗದ ಮನೆಗಳು ಕುಡಿಯುವುದು ಈ ಕೆರೆಯ ನೀರನ್ನೂ ಹೌದು. ಗುಂಡಿ ಅಗೆಯುವಾಗಲೇ ಗ್ರಾಮ ಆಡಳಿತಾಧಿಕಾರಿಯನ್ನು ಕರೆಸಿ. ಸಿಮೆಂಟು ಬಿದ್ದ ಮೇಲೆ ಕೆಲಸ ನೂರುಪಟ್ಟು ಕಷ್ಟ.

ಅಂತರವನ್ನು ಅಂಕಿಯಲ್ಲಿ ಬರೆಸುವುದು ಮುಖ್ಯ. ಅಮೆರಿಕದ ಮೇನ್ ರಾಜ್ಯ 1966ರಲ್ಲಿ ಅಲಗ್ಯಾಶ್ ಎಂಬ 92 ಮೈಲಿಯ ಕಾಡಿನ ಜಲಮಾರ್ಗವನ್ನು ರಕ್ಷಿಸಲು ಹೊರಟಾಗ ದಂಡೆಯಿಂದ 400ರಿಂದ 800 ಅಡಿಯ ನಿರ್ಬಂಧಿತ ಪಟ್ಟಿಯನ್ನೇ ಗೊತ್ತುಮಾಡಿತು. ಡೇರೆ ಹಾಕುವವರು ಗುರುತಿಸಿದ ತಾಣಗಳಲ್ಲಷ್ಟೇ ತಂಗಬೇಕು. ನಮ್ಮ ಗ್ರಾಮಸಭೆಯ ಠರಾವೂ ಹಾಗೆಯೇ ಇರಲಿ: ಸರ್ವೆ ನಂಬರು, ಬಾಂದುಕಲ್ಲಿನಿಂದ ಇಷ್ಟು ಮೀಟರು, ಡೇರೆಗೆ ಇಂಥ ಜಾಗ. ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟು ಮೊಹರು ಬಿದ್ದ ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ.